ಯಂತ್ರಶಿಲ್ಪಿಗೊಂದು ಜೀವಂತ ಸ್ಮಾರಕ
ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ

ಮಹನೀಯರ ಸ್ಮರಣೆಗಾಗಿ ಪ್ರತಿಮೆಗಳನ್ನು ನಿಲ್ಲಿಸುವುದು, ರಸ್ತೆ ವೃತ್ತಗಳಿಗೆ ಅವರ ಹೆಸರಿಡುವುದು ನಮ್ಮಲ್ಲಿ ರೂಢಿಯಲ್ಲಿರುವ ಪದ್ಧತಿ. ಆದರೆ ಯಂತ್ರಗಳೊಡನೆ ಬಾಳಿದ ಒಬ್ಬ ಎಂಜಿನಿಯರನಿಗೆ ತಕ್ಕ ಸ್ಮಾರಕ ಯಾವುದು? ಈ ಪ್ರಶ್ನೆಗೆ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ, ಕಬ್ಬನ್ ಉದ್ಯಾನದ ಅಂಚಿನಲ್ಲಿ ಉತ್ತರ ದೊರೆಯುತ್ತದೆ. ಭಾರತರತ್ನ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತ ಇಲ್ಲಿಯ ವಸ್ತುಸಂಗ್ರಹಾಲಯವು ನೋಡಿ ನಮಿಸುವ ಸ್ಮಾರಕವಷ್ಟೇ ಅಲ್ಲ, ಮುಟ್ಟಿ ಕಲಿಯುವ ಸ್ಮಾರಕವೂ ಆಗಿದೆ.

ಎರಡು ನಾಡುಗಳ ನಂಟು

ವಿಶ್ವೇಶ್ವರಯ್ಯನವರು ಜನಿಸಿದ್ದು ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ. ಅವರ ಹೆಸರಿನೊಡನೆ ಉಳಿದುಬಂದಿರುವ ಮೋಕ್ಷಗುಂಡಂ ಎಂಬುದು ಪೂರ್ವಿಕರ ಊರು; ಅದು ಆಂಧ್ರಪ್ರದೇಶದಲ್ಲಿದೆ. ಅವರ ಜನ್ಮದಿನವಾದ ಸೆಪ್ಟೆಂಬರ್ 15ನ್ನು ಎಂಜಿನಿಯರುಗಳ ದಿನವನ್ನಾಗಿ ಬೆಂಗಳೂರು, ಮೈಸೂರುಗಳಲ್ಲಿ ಆಚರಿಸುವಂತೆಯೇ ವಿಜಯವಾಡ, ವಿಶಾಖಪಟ್ಟಣಗಳಲ್ಲಿಯೂ ಆಚರಿಸಲಾಗುತ್ತದೆ.

ತೆಲುಗು ನಾಡಿನೊಡನೆ ಅವರ ಸಂಬಂಧ ಕೇವಲ ಮನೆತನದ ಹೆಸರಿಗೆ ಸೀಮಿತವಾದುದಲ್ಲ. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹರಿದು ಹೈದರಾಬಾದ್ ನಗರದಲ್ಲಿ ಸಾವಿರಾರು ಜನರು ಪ್ರಾಣ ಕಳೆದುಕೊಂಡರು. ಮರುವರ್ಷ ನಿಜಾಮ ಸರ್ಕಾರವು ವಿಶ್ವೇಶ್ವರಯ್ಯನವರನ್ನು ಸಲಹೆಗಾಗಿ ಬರಮಾಡಿಕೊಂಡಿತು. ಪ್ರವಾಹವನ್ನು ನಗರದೊಳಗೆ ತಡೆಯುವುದಕ್ಕಿಂತ ನಗರದ ಮೇಲ್ಭಾಗದಲ್ಲಿಯೇ ಜಲಾಶಯಗಳನ್ನು ಕಟ್ಟಿ ಹಿಡಿದಿಡಬೇಕೆಂಬುದು ಅವರ ಸಲಹೆಯಾಗಿತ್ತು. ಅದರ ಫಲವಾಗಿ 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಪೂರ್ಣಗೊಂಡವು.

ತಾನೇ ತೆರೆದು ತಾನೇ ಮುಚ್ಚುವ ಬಾಗಿಲು

ಅವರ ಪ್ರಸಿದ್ಧ ಆವಿಷ್ಕಾರವೆಂದರೆ ಅಣೆಕಟ್ಟೆಯ ಸ್ವಯಂಚಾಲಿತ ಬಾಗಿಲುಗಳು. ಪುಣೆಯ ಸಮೀಪದ ಖಡಕ್‌ವಾಸ್ಲಾ ಜಲಾಶಯದಲ್ಲಿ ಮಳೆಗಾಲದ ಹೆಚ್ಚುವರಿ ನೀರು ಕೋಡಿಯ ಮೇಲಿಂದ ಹರಿದು ವ್ಯರ್ಥವಾಗುತ್ತಿತ್ತು. ಹೆಚ್ಚು ನೀರು ನಿಲ್ಲಿಸಬೇಕಾದರೆ ಕೋಡಿಯನ್ನು ಎತ್ತರಿಸಬೇಕು. ಕೋಡಿಯನ್ನು ಎತ್ತರಿಸಿದರೆ ಮಹಾಪೂರ ಬಂದಾಗ ಕಟ್ಟೆಗೇ ಅಪಾಯ. ಈ ಇಕ್ಕಟ್ಟಿಗೆ ವಿಶ್ವೇಶ್ವರಯ್ಯನವರು ಸರಳವಾದ ಪರಿಹಾರವನ್ನು ಕಂಡುಹಿಡಿದರು.

ಕೋಡಿಯ ಮೇಲೆ ಬಾಗಿಲುಗಳನ್ನು ನಿಲ್ಲಿಸಿ, ಅವುಗಳನ್ನು ಭಾರವಾದ ಪ್ರತಿತೂಕಗಳಿಗೆ ಜೋಡಿಸಲಾಯಿತು. ಪ್ರತಿತೂಕವು ಒಂದು ತೊಟ್ಟಿಯೊಳಗೆ ತೂಗುತ್ತಿರುತ್ತದೆ. ಜಲಾಶಯದ ನೀರು ನಿಗದಿತ ಮಟ್ಟವನ್ನು ಮೀರಿದೊಡನೆ ಆ ತೊಟ್ಟಿಗೆ ನುಗ್ಗುತ್ತದೆ. ಬಾವಿಯ ನೀರಿನಲ್ಲಿ ಮುಳುಗಿದ ಕೊಡ ಸೇದುವವರಿಗೆ ಹಗುರವೆನಿಸುವಂತೆ, ನೀರಿನಲ್ಲಿ ಮುಳುಗಿದ ಪ್ರತಿತೂಕವೂ ಹಗುರವಾಗುತ್ತದೆ. ಸಮತೋಲ ತಪ್ಪಿ ಬಾಗಿಲುಗಳು ತೆರೆದುಕೊಳ್ಳುತ್ತವೆ. ನೀರಿನ ಮಟ್ಟ ಇಳಿದು ತೊಟ್ಟಿ ಬರಿದಾದಾಗ ಪ್ರತಿತೂಕಕ್ಕೆ ಮೊದಲಿನ ಭಾರ ಮರಳಿ, ಬಾಗಿಲುಗಳು ಮುಚ್ಚಿಕೊಳ್ಳುತ್ತವೆ. ನಡುರಾತ್ರಿಯಲ್ಲಿ ನೆರೆ ಬಂದರೂ ಕಾವಲುಗಾರನ ಕೈಗಾಗಿ ಕಾಯಬೇಕಾಗಿಲ್ಲ. ಈ ರಚನೆಗೆ ಅವರು ಪೇಟೆಂಟ್ ಪಡೆದಿದ್ದರು. ಕಟ್ಟೆಯನ್ನು ಎತ್ತರಿಸದೆಯೇ ಸುಮಾರು ಎಂಟು ಅಡಿಯಷ್ಟು ಹೆಚ್ಚು ನೀರನ್ನು ನಿಲ್ಲಿಸಲು ಇದರಿಂದ ಸಾಧ್ಯವಾಯಿತು. ಮುಂದೆ ಗ್ವಾಲಿಯರಿನ ಟಿಗ್ರಾ ಹಾಗೂ ಕನ್ನಂಬಾಡಿಯ ಕೃಷ್ಣರಾಜಸಾಗರ ಅಣೆಕಟ್ಟೆಗಳಲ್ಲಿಯೂ ಈ ಬಗೆಯ ಬಾಗಿಲುಗಳನ್ನು ಅಳವಡಿಸಲಾಯಿತು.

ಕೈಗಾರಿಕೆಯ ಕನಸು

1912ರಿಂದ 1918ರವರೆಗೆ ಮೈಸೂರು ಸಂಸ್ಥಾನದ ದಿವಾನರಾಗಿದ್ದ ಅವಧಿಯಲ್ಲಿ ಮೈಸೂರು ಬ್ಯಾಂಕು, ಮೈಸೂರು ವಿಶ್ವವಿದ್ಯಾನಿಲಯ ಮತ್ತು ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಸ್ಥಾಪನೆಗೊಂಡವು. ನಂತರ ಭದ್ರಾವತಿಯ ಕಬ್ಬಿಣ ಕಾರ್ಖಾನೆಯ ಹೊಣೆಯನ್ನೂ ಅವರು ಹೊತ್ತರು. 1934ರಲ್ಲಿ ಭಾರತದ ಯೋಜಿತ ಆರ್ಥಿಕ ವ್ಯವಸ್ಥೆಯನ್ನು ಕುರಿತು ಗ್ರಂಥವನ್ನು ಪ್ರಕಟಿಸಿದರು. ಬಂಡವಾಳ ಮತ್ತು ಯಂತ್ರಗಳಿದ್ದರೆ ಸಾಲದು, ಅವುಗಳನ್ನು ಅರಿತು ನಡೆಸಬಲ್ಲ ಜನರೂ ಬೇಕೆಂಬ ನಿಲುವು ಈ ಎಲ್ಲ ಕಾರ್ಯಗಳ ಹಿಂದಿತ್ತು.

ಸ್ಮಾರಕದ ಸ್ವರೂಪ

ಈ ನಿಲುವಿಗೆ ಅನುಗುಣವಾಗಿಯೇ ಅವರ ಸ್ಮಾರಕವೂ ರೂಪುಗೊಂಡಿತು. 1962ರ ಏಪ್ರಿಲಿನಲ್ಲಿ ವಿಶ್ವೇಶ್ವರಯ್ಯನವರು ನಿಧನರಾದರು. ಅದೇ ವರ್ಷದ ಜುಲೈ 14ರಂದು ಪ್ರಧಾನಮಂತ್ರಿ ಜವಾಹರಲಾಲ್ ನೆಹರೂ ಅವರು ವಸ್ತುಸಂಗ್ರಹಾಲಯದ ಕಟ್ಟಡವನ್ನು ಉದ್ಘಾಟಿಸಿದರು. ವಿದ್ಯುಚ್ಛಕ್ತಿಯನ್ನು ಕುರಿತ ಮೊದಲ ಪ್ರದರ್ಶನಾಂಗಣವು 1965ರಲ್ಲಿ ಸಾರ್ವಜನಿಕರಿಗೆ ತೆರೆಯಿತು. 1978ರಲ್ಲಿ ರಾಷ್ಟ್ರೀಯ ವಿಜ್ಞಾನ ವಸ್ತುಸಂಗ್ರಹಾಲಯಗಳ ಮಂಡಳಿಯು ಅಸ್ತಿತ್ವಕ್ಕೆ ಬಂದ ಬಳಿಕ ಇದು ಅದರ ಆಡಳಿತಕ್ಕೆ ಒಳಪಟ್ಟಿತು.

ಎಂಜಿನುಗಳ ಅಂಗಣದಲ್ಲಿ ಶಕ್ತಿಯನ್ನು ಚಲನೆಯನ್ನಾಗಿ ಪರಿವರ್ತಿಸುವ ಯಂತ್ರಗಳನ್ನು ಕಾಣಬಹುದು. ರೈಟ್ ಸಹೋದರರು 1903ರಲ್ಲಿ ಹಾರಿಸಿದ ವಿಮಾನದ ಪೂರ್ಣ ಗಾತ್ರದ ಪ್ರತಿಕೃತಿಯೂ ಇಲ್ಲಿದೆ. ವಿನೋದ ವಿಜ್ಞಾನದ ಅಂಗಣದಲ್ಲಿ ಮಕ್ಕಳು ಸ್ವತಃ ತಿರುಗಿಸಿ, ಎಳೆದು, ಒತ್ತಿ ವಿಜ್ಞಾನದ ನಿಯಮಗಳನ್ನು ಪರೀಕ್ಷಿಸಬಹುದು. ರಾಜಧಾನಿಗೆ ಬರಲಾಗದವರಿಗಾಗಿ ಪ್ರದರ್ಶಿಕೆಗಳನ್ನು ಹೊತ್ತ ಬಸ್ಸು ಹಳ್ಳಿಗಾಡಿನ ಶಾಲೆಗಳಿಗೆ ತೆರಳುತ್ತದೆ. ಕಲಬುರಗಿ ಮತ್ತು ತಿರುಪತಿಯ ವಿಜ್ಞಾನ ಕೇಂದ್ರಗಳೂ ಇದೇ ಬಳಗಕ್ಕೆ ಸೇರಿವೆ.

ಇಂದಿನ ಪ್ರಸ್ತುತತೆ

2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಆಗ ಜಲಾಶಯವು ಹೆಚ್ಚುಕಡಿಮೆ ತುಂಬಿತ್ತು. ಕಟ್ಟೆಯ ಮೇಲಿನ ಒತ್ತಡವನ್ನು ತಗ್ಗಿಸಲು ಉಳಿದ ಗೇಟುಗಳಿಂದಲೂ ನೀರನ್ನು ಬಿಡಬೇಕಾಯಿತು. ಕರ್ನಾಟಕ, ಆಂಧ್ರಪ್ರದೇಶ ಮತ್ತು ತೆಲಂಗಾಣದ ರೈತರು ಬೆಳೆಗಾಗಿ ನೆಚ್ಚಿದ್ದ ನೀರು ಕಣ್ಣೆದುರೇ ಹರಿದುಹೋಯಿತು. ಎಂಜಿನಿಯರರೂ ಕಾರ್ಮಿಕರೂ ಹರಿಯುವ ನೀರಿನ ನಡುವೆಯೇ ಉಕ್ಕಿನ ತಡೆಫಲಕಗಳನ್ನು ಇಳಿಸಿ, ಸುಮಾರು ಒಂದು ವಾರದಲ್ಲಿ ಆ ತೆರಪನ್ನು ಮುಚ್ಚಿದರು.

ಒಂದು ಸರಪಳಿಯ ಕೊಂಡಿಯನ್ನು ಲಕ್ಷಾಂತರ ಎಕರೆ ಹೊಲಗದ್ದೆಗಳು ಅವಲಂಬಿಸಿರುತ್ತವೆ ಎಂಬುದನ್ನು ಈ ಘಟನೆಯು ಮನಗಾಣಿಸಿತು. ಅಣೆಕಟ್ಟೆಯನ್ನು ಕಟ್ಟುವುದು ಒಂದು ತಲೆಮಾರಿನ ಕೆಲಸ. ಅದನ್ನು ಪರಿಶೀಲಿಸುತ್ತ, ದುರಸ್ತಿಗೊಳಿಸುತ್ತ ಕಾಪಾಡುವುದು ಮುಂದಿನ ಎಲ್ಲ ತಲೆಮಾರುಗಳ ಕೆಲಸ. ಅದಕ್ಕೆ ಬೇಕಾದ ಜನರು ಇಂದಿನ ಶಾಲಾಮಕ್ಕಳಿಂದಲೇ ಬರಬೇಕು. ಪ್ರದರ್ಶಿಕೆಯ ಹಿಡಿಯನ್ನು ತಿರುಗಿಸಿ, ಅದು ಹೀಗೇಕೆ ತಿರುಗುತ್ತದೆ ಎಂದು ಕೇಳುವ ಪ್ರತಿಯೊಂದು ಮಗುವಿನಲ್ಲಿಯೂ ವಿಶ್ವೇಶ್ವರಯ್ಯನವರ ಸ್ಮರಣೆಯು ಮುಂದುವರಿಯುತ್ತದೆ.