ಮಾತ್ರೆ ಶುರುವಾಗಿ ಹತ್ತು ದಿನ, ಏನೂ ಆಗ್ತಿಲ್ಲ ಯಾಕೆ?

ಇವತ್ತು ಡಿಪ್ರೆಶನ್‌ಗೆ ಕೊಡೋ ಮಾತ್ರೆ ಬಗ್ಗೆ ಮಾತಾಡೋಣ. ನಾನು ಡಾಕ್ಟರ್ ಅಲ್ಲ, ಬಿ.ಕಾಂ. ಓದಿದವನು. ಆದ್ರೆ ಎರಡು ವರ್ಷದ ಹಿಂದೆ ಎಸ್ಸಿಟಾಲೋಪ್ರಾಮ್ ಅನ್ನೋ ಮಾತ್ರೆ ಶುರು ಮಾಡಿ, ಹನ್ನೊಂದನೇ ದಿನ ಯಾರಿಗೂ ಹೇಳದೆ ನಿಲ್ಲಿಸಿಬಿಟ್ಟಿದ್ದೆ.

ಹೊಟ್ಟೆ ತೊಳೆಸೋದು, ನಿದ್ದೆ ಇಲ್ಲ, ಸುಮ್ಮಸುಮ್ಮನೆ ಚಡಪಡಿಕೆ. ಮನಸ್ಸು ಮಾತ್ರ ಒಂಚೂರೂ ಹಗುರ ಆಗಿರಲಿಲ್ಲ. ನಮ್ಮ ಲೆಕ್ಕದ ಭಾಷೇಲಿ, ಖರ್ಚೆಲ್ಲ ಮೊದಲೇ, ಆದಾಯ ಆಮೇಲೆ.

ಯಾಕೆ ಹೀಗೆ? ಮೆದುಳಿನ ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸೋಕೆ ಬಳಸೋ ರಾಸಾಯನಿಕಗಳಲ್ಲಿ ಸೆರೊಟೋನಿನ್ ಒಂದು. ಕೆಲಸ ಮುಗಿದ ಮೇಲೆ ಕೋಶ ಅದನ್ನ ವಾಪಸ್ ಹೀರಿಕೊಳ್ಳುತ್ತೆ. ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳು ಅದನ್ನ ತಡೆಯುತ್ತವೆ. ಇದು ಕೆಲವೇ ಗಂಟೆಗಳಲ್ಲಿ ಶುರುವಾಗುತ್ತೆ. ಆದ್ರೆ ಮೆದುಳು ಅದಕ್ಕೆ ಹೊಂದಿಕೊಳ್ಳೋಕೆ ವಾರಗಳೇ ಬೇಕು. ಸಾಮಾನ್ಯವಾಗಿ 2ರಿಂದ 4 ವಾರದಲ್ಲಿ ಸ್ವಲ್ಪ ವ್ಯತ್ಯಾಸ, ಪೂರ್ತಿ ಗೊತ್ತಾಗೋಕೆ 6ರಿಂದ 8 ವಾರ. ದೇಹದ ಸೆರೊಟೋನಿನ್‌ನಲ್ಲಿ ಹೆಚ್ಚಿನ ಪಾಲು ಇರೋದು ಕರುಳಲ್ಲಿ. ಹೊಟ್ಟೆಗೆ ಮೊದಲು ಬಿಸಿ ಮುಟ್ಟೋದು ಅದಕ್ಕೇ. ಅಂದ ಹಾಗೆ, "ಸೆರೊಟೋನಿನ್ ಕಮ್ಮಿ ಆದ್ರೆ ಡಿಪ್ರೆಶನ್" ಅಂತ ರೀಲ್ಸ್‌ನಲ್ಲಿ ಹೇಳೋ ಹಾಗೆ ಈ ಕಾಯಿಲೆ ಅಷ್ಟು ಸರಳ ಅಲ್ಲ.

ಮತ್ತೆ ಶುರು ಮಾಡಿದಾಗ ಅಮ್ಮ ಕೇಳಿದ್ಲು, "ಚಟ ಆಗಲ್ವೇನೋ?" ಹೆಂಡದ ಹಾಗೆ ಇನ್ನೂ ಬೇಕು, ಇನ್ನೂ ಬೇಕು ಅನ್ನಿಸಲ್ಲ. ಆದ್ರೆ ವಾರಗಟ್ಟಲೆ ತಗೊಂಡು ಥಟ್ಟಂತ ಬಿಟ್ರೆ ತಲೆಸುತ್ತು, ಸಿಡುಕು, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಆಗಬಹುದು. ಅದಕ್ಕೇ ಡಾಕ್ಟರ್ ಡೋಸ್ ನಿಧಾನವಾಗಿ ಇಳಿಸ್ತಾರೆ. ಹುಷಾರಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಿ ಅಂತಾರೆ, ಇಲ್ಲಾಂದ್ರೆ ಕಾಯಿಲೆ ಮರುಕಳಿಸೋ ಸಾಧ್ಯತೆ ಜಾಸ್ತಿ.

ಇಲ್ಲಿ ಸ್ವಲ್ಪ ಗಮನ ಕೊಡಿ. 25ಕ್ಕಿಂತ ಕಮ್ಮಿ ವಯಸ್ಸಿನ ಕೆಲವರಿಗೆ ಮೊದಲ ವಾರಗಳಲ್ಲಿ ಸಾಯೋ ಯೋಚನೆ ಹೆಚ್ಚಾಗಬಹುದು. ಹಾಗಾದ್ರೆ ಮುಂದಿನ ಭೇಟಿವರೆಗೆ ಕಾಯಬೇಡಿ, ಅವತ್ತೇ ಡಾಕ್ಟರ್‌ಗೆ ಹೇಳಿ. ಹಿಂದೆ ಯಾವಾಗ್ಲಾದ್ರೂ ನಿದ್ದೆನೇ ಬೇಡ ಅನ್ನೋಷ್ಟು ವಿಪರೀತ ಉತ್ಸಾಹ ದಿನಗಟ್ಟಲೆ ಇತ್ತಾ? ಅದನ್ನೂ ಹೇಳಿ. ಬೈಪೋಲಾರ್ ಇದ್ದವರಿಗೆ ಇದೊಂದೇ ಮಾತ್ರೆ ಕೊಟ್ರೆ ಉಲ್ಟಾ ಹೊಡೆಯಬಹುದು. ಗೆಳೆಯನ ಚೀಟಿ ನೋಡಿ ಮಾತ್ರೆ ತಗೋಬೇಡಿ ಅನ್ನೋದು ಇದಕ್ಕೇ.

ನನಗೆ ಎರಡನೇ ಸಲ ಐದನೇ ವಾರದಲ್ಲಿ ಒಂದಿನ ಬೆಳಗ್ಗೆ ಇನ್ನೊಂದು ಸೌಟು ಉಪ್ಪಿಟ್ಟು ಬೇಕು ಅನ್ನಿಸ್ತು. ಕೇಳಿದೆ. ಅಮ್ಮ ಏನೂ ಅನ್ನದೆ ಬಾಣಲೇನೇ ತಂದು ಪಕ್ಕದಲ್ಲಿಟ್ಲು.

ಈಗಲೇ ಯಾರ ಜೊತೆಯಾದ್ರೂ ಮಾತಾಡಬೇಕು ಅನ್ನಿಸ್ತಿದ್ರೆ ಟೆಲಿ ಮಾನಸ್ ನಂಬರ್ 14416. ಉಚಿತ, ದಿನದ 24 ಗಂಟೆ, ಕನ್ನಡದಲ್ಲೂ ಮಾತಾಡ್ತಾರೆ.