ಹಸ್ತಪ್ರತಿ ಛಾಯಾಚಿತ್ರಗಳ ಸಂಗ್ರಹದಲ್ಲಿ ಎಸ್‌ಎಸ್‌ಡಿ ಹೊಂದಾಣಿಕೆಯ ದೋಷ: ಕಾರಣಪರೀಕ್ಷೆಯ ಕ್ರಮ

ತಾಡವಾಲೆ ಗ್ರಂಥಗಳ ಒಂದೊಂದು ಗರಿಯನ್ನೂ ಎರಡು ಮಗ್ಗುಲುಗಳಲ್ಲಿ ಛಾಯಾಚಿತ್ರ ತೆಗೆದು ಗಣಕಯಂತ್ರದಲ್ಲಿ ಸಂಗ್ರಹಿಸಿಡುವ ಪದ್ಧತಿಯು ಬಸದಿ, ಮಠ ಹಾಗೂ ಸಂಶೋಧನ ಸಂಸ್ಥೆಗಳ ಭಂಡಾರಗಳಲ್ಲಿ ಈಗ ರೂಢಿಗೆ ಬಂದಿದೆ. ಚಿತ್ರ ತೆಗೆದ ಅನಂತರ ಅಂಚು ಮುರಿದ ಗರಿಗಳೂ ಹುಳು ತಿಂದು ಪುಡಿಯಾದ ಗರಿಗಳೂ ಇರುವುದುಂಟು. ಅಂತಹ ಸ್ಥಳಗಳಲ್ಲಿ ಮೂಲದ ಅಕ್ಷರಕ್ಕೆ ಉಳಿದಿರುವ ಏಕಮಾತ್ರ ಸಾಕ್ಷ್ಯವು ಛಾಯಾಚಿತ್ರವೇ. ಆದುದರಿಂದ ಆ ಚಿತ್ರಗಳನ್ನು ಹೊತ್ತ ಯಂತ್ರವು ಕೆಟ್ಟಾಗ ಏನು ಮಾಡಬೇಕು, ಅದಕ್ಕಿಂತ ಮುಖ್ಯವಾಗಿ ಏನು ಮಾಡಬಾರದು ಎಂಬ ತಿಳಿವಳಿಕೆಯನ್ನು ಯಂತ್ರ ರಿಪೇರಿಯವರಿಗೆ ಮಾತ್ರ ಬಿಟ್ಟುಕೊಡುವಂತಿಲ್ಲ.

ತೊಂದರೆಯ ಸ್ವರೂಪ ಸಾಮಾನ್ಯವಾಗಿ ಹೀಗಿರುತ್ತದೆ. ಹಳೆಯ ಹಾರ್ಡ್ ಡಿಸ್ಕು ನಿಧಾನವಾಯಿತೆಂದು ಅದರ ಸ್ಥಾನದಲ್ಲಿ ಎಸ್‌ಎಸ್‌ಡಿ, ಅಂದರೆ ಸಾಲಿಡ್ ಸ್ಟೇಟ್ ಡ್ರೈವ್, ಅಳವಡಿಸಲಾಗುತ್ತದೆ. ಕೆಲವು ದಿನ ಎಲ್ಲವೂ ಸರಿಯಾಗಿ ನಡೆಯುತ್ತದೆ. ಬಳಿಕ ಕೆಲಸದ ನಡುವೆ ಯಂತ್ರವು ಸ್ತಬ್ಧವಾಗುತ್ತದೆ. ನೀಲಿ ಪರದೆ ಕಾಣಿಸಿಕೊಂಡು ಮರಳಿ ಪ್ರಾರಂಭವಾಗುತ್ತದೆ. ಕೆಲವೊಮ್ಮೆ ಡ್ರೈವೇ ಇಲ್ಲವೆಂಬ ಸೂಚನೆ ಬರುತ್ತದೆ, ವಿದ್ಯುತ್ತನ್ನು ಪೂರ್ತಿ ಕಡಿದು ಮತ್ತೆ ಕೊಟ್ಟರೆ ಡ್ರೈವು ಪ್ರತ್ಯಕ್ಷವಾಗುತ್ತದೆ. ಕರೆಯಿಸಿದ ತಂತ್ರಜ್ಞನು ಮೊದಲು ಹೇಳುವ ಮಾತು ‘ಫಾರ್ಮ್ಯಾಟ್ ಮಾಡೋಣ’ ಎಂಬುದು. ಪಾಠ ಅರ್ಥವಾಗಲಿಲ್ಲವೆಂದು ಗರಿಯನ್ನೇ ಕೆರೆಯುವಂತಹ ಸಲಹೆ ಇದು. ಹಳೆಯ ಹಾರ್ಡ್ ಡಿಸ್ಕಿನಲ್ಲಿ ಫಾರ್ಮ್ಯಾಟ್ ಆದ ಬಳಿಕವೂ ಕಡತಗಳನ್ನು ಮರಳಿ ಪಡೆಯುವ ಸಾಧ್ಯತೆ ಬಹುಮಟ್ಟಿಗೆ ಇರುತ್ತಿತ್ತು. ಎಸ್‌ಎಸ್‌ಡಿಯಲ್ಲಿ ‘ಟ್ರಿಮ್’ ಎಂಬ ಆಜ್ಞೆಯು ಅಳಿಸಿದ ಸ್ಥಳಗಳನ್ನು ಖಾಲಿಯೆಂದು ಡ್ರೈವಿಗೆ ತಿಳಿಸುವುದರಿಂದ ಅಲ್ಲಿದ್ದುದು ಸಾಮಾನ್ಯವಾಗಿ ಮರಳುವುದಿಲ್ಲ.

ದೋಷವನ್ನು ತಿಳಿಯಲು ಡ್ರೈವಿನ ರಚನೆಯನ್ನು ಸ್ವಲ್ಪ ಅರಿಯಬೇಕು. ಹಾರ್ಡ್ ಡಿಸ್ಕಿನಲ್ಲಿ ತಿರುಗುವ ತಟ್ಟೆಯ ಮೇಲೆ ಕಾಂತೀಯ ಗುರುತುಗಳಿರುತ್ತವೆ. ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗವೇ ಇಲ್ಲ. ಸಿಲಿಕಾನಿನ ಸೂಕ್ಷ್ಮ ಕೋಶಗಳಲ್ಲಿ ಹಿಡಿದಿಟ್ಟ ವಿದ್ಯುದಾವೇಶವೇ ಅಲ್ಲಿ ಬರೆಹ. ಮತ್ತೆ ಮತ್ತೆ ಬರೆಯುವುದರಿಂದ ಈ ಕೋಶಗಳು ಸವೆಯುತ್ತವೆ. ಸವೆತವು ಒಂದೆಡೆಯೇ ಆಗಬಾರದೆಂದು ಡ್ರೈವಿನೊಳಗಿನ ನಿಯಂತ್ರಕವು ಬರೆಹವನ್ನು ಸ್ಥಳದಿಂದ ಸ್ಥಳಕ್ಕೆ ಬದಲಿಸುತ್ತ, ಯಾವುದು ಎಲ್ಲಿದೆ ಎಂಬುದಕ್ಕೆ ಒಂದು ಸೂಚಿಯನ್ನು ಇಟ್ಟುಕೊಳ್ಳುತ್ತದೆ. ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿದ, 1948ರಲ್ಲಿ ಪ್ರಕಟವಾದ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ ಇಲ್ಲದಿದ್ದರೆ ಮೂಡಬಿದಿರೆಯ ಕಟ್ಟುಗಳಲ್ಲಿ ಬೇಕಾದ ಗ್ರಂಥವನ್ನು ಹುಡುಕುವುದು ಎಷ್ಟು ಕಷ್ಟವಾಗುತ್ತಿತ್ತೆಂಬುದು ವಿದ್ವಾಂಸರಿಗೆ ವಿದಿತವೇ ಇದೆ. ಡ್ರೈವಿನ ಸೂಚಿ ಕೆಟ್ಟರಂತೂ ಬರೆಹವೆಲ್ಲ ಒಳಗಿದ್ದೂ ಇಲ್ಲದಂತೆಯೇ. ನಿಯಂತ್ರಕವನ್ನು ನಡೆಸುವ, ಡ್ರೈವಿನೊಳಗೇ ಬರೆದಿಟ್ಟಿರುವ ವಿಧಿಸಂಪುಟಕ್ಕೆ ಫರ್ಮ್‌ವೇರ್ ಎಂದು ಹೆಸರು. ಹೊಂದಾಣಿಕೆಯ ದೋಷಗಳಲ್ಲಿ ಹಲವು ಹುಟ್ಟುವುದು ಇಲ್ಲಿಯೇ.

2024ರ ಅಕ್ಟೋಬರಿನಲ್ಲಿ ಬೆಳಕಿಗೆ ಬಂದ ಪ್ರಕರಣವು ಇದಕ್ಕೆ ಸ್ಪಷ್ಟವಾದ ಉದಾಹರಣೆ. ಬೆಲೆ ಹೆಚ್ಚಿನ ಡ್ರೈವುಗಳು ತಮ್ಮ ಸೂಚಿಯನ್ನು ಕೈಗೆಟಕುವಂತೆ ಇಟ್ಟುಕೊಳ್ಳಲು ತಮ್ಮೊಳಗೇ ಪ್ರತ್ಯೇಕ ಮೆಮೊರಿಯನ್ನು ಹೊಂದಿರುತ್ತವೆ. ಬೆಲೆ ಕಡಿಮೆಯ ಎನ್‌ವಿಎಂಇ ಡ್ರೈವುಗಳಲ್ಲಿ ಅನೇಕವು ಈ ಕಾರ್ಯಕ್ಕೆ ಗಣಕಯಂತ್ರದ ಮೆಮೊರಿಯಲ್ಲಿಯೇ ಒಂದು ಭಾಗವನ್ನು ಎರವಲು ಪಡೆಯುತ್ತವೆ. ಇದಕ್ಕೆ ಹೋಸ್ಟ್ ಮೆಮೊರಿ ಬಫರ್ ಎಂದು ಹೆಸರು. ವಿಂಡೋಸ್ ವ್ಯವಸ್ಥೆಯು ಅದುವರೆಗೆ 64 ಮೆಗಾಬೈಟಿನಷ್ಟು ಮಾತ್ರ ಎರವಲು ಕೊಡುತ್ತಿತ್ತು. ವಿಂಡೋಸ್ 11ರ 24ಎಚ್2 ಆವೃತ್ತಿಯು ಡ್ರೈವು ಕೇಳಿದಷ್ಟನ್ನೂ ಕೊಡತೊಡಗಿತು. ವೆಸ್ಟರ್ನ್ ಡಿಜಿಟಲ್ ಸಂಸ್ಥೆಯ ಎಸ್‌ಎನ್770 ಮತ್ತು ಎಸ್‌ಎನ್580 ಎಂಬ ಮಾದರಿಗಳ 2 ಟೆರಾಬೈಟಿನ ಡ್ರೈವುಗಳು 200 ಮೆಗಾಬೈಟ್ ಕೇಳುತ್ತಿದ್ದವು. ಕೇಳಿದ್ದು ದೊರೆತೊಡನೆ ಯಂತ್ರಗಳು ನೀಲಿ ಪರದೆ ತೋರಿಸಿ ನಿಲ್ಲತೊಡಗಿದವು. ಡ್ರೈವು ಹಳೆಯದೇ, ಯಂತ್ರವೂ ಹಳೆಯದೇ, ಹಿಂದಿನ ದಿನದವರೆಗೆ ಎರಡೂ ನಿರ್ದೋಷವಾಗಿ ನಡೆದಿದ್ದವು. ಉಪಾದಾನ ನಿಮಿತ್ತಗಳ ವಿವೇಕವುಳ್ಳವರಿಗೆ ಇಲ್ಲಿ ಗೊಂದಲವಿರದು: ವ್ಯವಸ್ಥೆಯ ಹೊಸ ಆವೃತ್ತಿ ನಿಮಿತ್ತ ಮಾತ್ರ, ದೋಷವು ಫರ್ಮ್‌ವೇರಿನಲ್ಲಿ ಮೊದಲಿನಿಂದಲೂ ಸುಪ್ತವಾಗಿದ್ದಿತು. ತಯಾರಕರು ಅದೇ ತಿಂಗಳು ಹೊಸ ಫರ್ಮ್‌ವೇರನ್ನು ಒದಗಿಸಿದರು. ಅದನ್ನು ಅಳವಡಿಸುವುದೇ ಪರಿಹಾರವಾಯಿತು. ಅಲ್ಲಿಯವರೆಗೆ ಕೆಲವರು ವಿಂಡೋಸ್ ರಿಜಿಸ್ಟ್ರಿಯಲ್ಲಿ ಈ ಎರವಲನ್ನೇ ನಿಲ್ಲಿಸಿ, ವೇಗದಲ್ಲಿ ಸ್ವಲ್ಪ ನಷ್ಟವನ್ನು ಒಪ್ಪಿಕೊಂಡು ಕೆಲಸ ನಡೆಸಿದರು.

ಬೇರೆ ಬಗೆಯ ಹೊಂದಾಣಿಕೆಯ ದೋಷಗಳೂ ಉಂಟು. ಲಿನಕ್ಸ್ ವ್ಯವಸ್ಥೆಯು 2017ರಲ್ಲಿ ಎನ್‌ವಿಎಂಇ ಡ್ರೈವುಗಳನ್ನು ಬಿಡುವಿನ ವೇಳೆ ತಾವಾಗಿ ನಿದ್ರಾಸ್ಥಿತಿಗೆ ಹೋಗುವಂತೆ ಮಾಡಿದಾಗ ಕೆಲವು ಡ್ರೈವುಗಳು ಆಳವಾದ ನಿದ್ರೆಯಿಂದ ಎಚ್ಚರಗೊಳ್ಳಲಿಲ್ಲ. ಅಂತಹವುಗಳಿಗೆ ಆಳದ ನಿದ್ರೆಯನ್ನು ನಿಷೇಧಿಸಬೇಕಾಯಿತು. ಎಂ.2 ಎಂಬ ಚಿಕ್ಕ ಪಟ್ಟಿಯಾಕಾರದ ಡ್ರೈವುಗಳಲ್ಲಿ ಸಾಟಾ, ಎನ್‌ವಿಎಂಇ ಎಂಬ ಎರಡು ಜಾತಿಗಳಿದ್ದು, ಆಕಾರದಲ್ಲಿ ಹೋಲಿಕೆಯಿದ್ದರೂ ಒಂದರ ಸ್ಥಾನದಲ್ಲಿ ಇನ್ನೊಂದು ಕೆಲಸ ಮಾಡದಿರಬಹುದು. ಇನ್ನೊಂದು, ಡ್ರೈವಿನದಲ್ಲದ ದೋಷ: ಮದರ್‌ಬೋರ್ಡಿನ ಸಣ್ಣ ಬ್ಯಾಟರಿ ವರ್ಷಗಳ ಬಳಿಕ ಬರಿದಾದರೆ ಬಯಾಸ್ ತನ್ನ ಮೂಲ ಹೊಂದಿಕೆಗೆ ಮರಳುತ್ತದೆ, ಆಗ ಎಎಚ್‌ಸಿಐ ಕ್ರಮವಿದ್ದುದು ರೇಡ್ ಕ್ರಮಕ್ಕೆ ಬದಲಾದರೆ, ಡ್ರೈವು ಆರೋಗ್ಯವಾಗಿದ್ದರೂ ಯಂತ್ರವು ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂದು ನೀಲಿ ಪರದೆ ತೋರಿಸುತ್ತದೆ.

ಹೀಗಿರುವಾಗ ಕಾರಣವನ್ನು ನಿಶ್ಚಯಿಸುವುದು ಹೇಗೆ? ಹೇತುವಿಗೆ ತ್ರೈರೂಪ್ಯವು ಲಕ್ಷಣವಲ್ಲ, ಅನ್ಯಥಾನುಪಪತ್ತಿಯೊಂದೇ ಲಕ್ಷಣವೆಂದು ಪಾತ್ರಕೇಸರಿ ಮತ್ತು ಅಕಲಂಕರು ಸ್ಥಾಪಿಸಿದ ನಿಯಮವು ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಡ್ರೈವು ಬದಲಿಸಿದ ಮೇಲೆ ತೊಂದರೆ ಆರಂಭವಾಯಿತೆಂಬ ಪೂರ್ವಾಪರಭಾವ ಮಾತ್ರದಿಂದ ಡ್ರೈವು ಕಾರಣವೆಂದು ಸಿದ್ಧವಾಗದು. ಡ್ರೈವು ಬದಲಿಸಲು ಪೆಟ್ಟಿಗೆಯನ್ನು ತೆರೆದಾಗ ಮೆಮೊರಿ ಪಟ್ಟಿಯು ಸಡಿಲಗೊಂಡಿರಬಹುದು. ಸಾಟಾ ತಂತಿ ಓರೆಯಾಗಿ ಕೂತಿರಬಹುದು. ಇವುಗಳಿಂದಲೂ ಇದೇ ನೀಲಿ ಪರದೆ ಉಂಟಾಗುತ್ತದೆ. ಡ್ರೈವಿನ ದೋಷವಿಲ್ಲದೆ ಈ ಕಾರ್ಯವು ಉಪಪನ್ನವಾಗುವುದಿಲ್ಲ ಎಂಬುದನ್ನು ತೋರಿಸಿದರೆ ಮಾತ್ರ ನಿರ್ಣಯ.

ಸಾಕ್ಷ್ಯಗಳಲ್ಲಿ ವಿಶೇಷವಾಗಿ ಗಮನಿಸಬೇಕಾದುದು ಇಲ್ಲದ ಸಾಕ್ಷ್ಯ. ವಿಂಡೋಸ್ ಕುಸಿದಾಗ ಸಾಮಾನ್ಯವಾಗಿ ಮಿನಿಡಂಪ್ ಎಂಬ ಕಡತವನ್ನು ಬರೆದಿಡುತ್ತದೆ. ಇವೆಂಟ್ ವ್ಯೂವರ್ ಎಂಬಲ್ಲಿ ಘಟನೆಗಳ ದಾಖಲೆಯೂ ಇರುತ್ತದೆ. ಮೆಮೊರಿಯ ದೋಷವಾದರೆ ಈ ಕಡತಗಳು ಬಹುಶಃ ದೊರೆಯುತ್ತವೆ. ಆದರೆ ಬರೆಯಬೇಕಾದ ಡ್ರೈವೇ ಮಾಯವಾಗಿದ್ದರೆ ಯಂತ್ರವು ಬರೆಯುವುದಾದರೂ ಎಲ್ಲಿ? ಪದೇ ಪದೇ ನೀಲಿ ಪರದೆ ಬಂದರೂ ಒಂದು ಡಂಪ್ ಕಡತವೂ ಇಲ್ಲದಿರುವುದು, ಕುಸಿತದ ಮುಂಚಿನ ಕ್ಷಣಗಳು ದಾಖಲೆಯಲ್ಲಿ ಖಾಲಿಯಿರುವುದು, ಡ್ರೈವಿನ ಕಡೆಗೆ ಬೆರಳು ಮಾಡುತ್ತವೆ. ಪರೀಕ್ಷಾಮುಖವನ್ನು ಓದಿದವರಿಗೆ ಅನುಪಲಬ್ಧಿಯೂ ಹೇತುವಾಗಬಲ್ಲದೆಂಬುದು ಹೊಸದಲ್ಲ. ಆದರೂ ಡಂಪ್ ಬರೆಯುವ ಏರ್ಪಾಡನ್ನೇ ಯಾರಾದರೂ ನಿಲ್ಲಿಸಿಲ್ಲವೆಂದು, ವಿದ್ಯುತ್ತೇ ಹೋಗಿರಲಿಲ್ಲವೆಂದು ಮೊದಲು ನೋಡಿಕೊಳ್ಳಬೇಕು. ದಾಖಲೆಯಲ್ಲಿ ಡ್ರೈವಿಗೆ ಸಂಬಂಧಿಸಿದ 129 ಎಂಬ ಸಂಖ್ಯೆ ಕಂಡರೆ ಡ್ರೈವು ಉತ್ತರಿಸದೆ ಇದ್ದುದರಿಂದ ವ್ಯವಸ್ಥೆಯು ಅದನ್ನು ಮರುಪ್ರಾರಂಭಿಸಲು ಯತ್ನಿಸಿತೆಂದು ಅರ್ಥ. ಅನೇಕರು ಭಯಪಡುವ 41 ಎಂಬ ಸಂಖ್ಯೆಯಾದರೋ ಯಂತ್ರವು ಕ್ರಮವಾಗಿ ಮುಚ್ಚಲ್ಪಡಲಿಲ್ಲವೆಂಬುದನ್ನು ಮಾತ್ರ ಹೇಳುತ್ತದೆ. ಅದರಿಂದ ಕಾರಣ ತಿಳಿಯದು.

ಪರೀಕ್ಷೆಗೆ ಮುನ್ನ ಚಿತ್ರಗಳ ಪ್ರತಿ ಮಾಡಿಕೊಳ್ಳುವುದು ಅನುಲ್ಲಂಘನೀಯ. ಕುಸಿಯುತ್ತಿರುವ ಯಂತ್ರದಲ್ಲಿಯೇ ಇದನ್ನು ಮಾಡದೆ, ಡ್ರೈವನ್ನು ಹೊರತೆಗೆದು ಬೇರೊಂದು ಯಂತ್ರಕ್ಕೆ ಜೋಡಿಸಿ ಮಾಡಬೇಕು. ಚೆಕ್‌ಡಿಸ್ಕ್ ಮುಂತಾದ ‘ದುರಸ್ತಿ’ಯ ಕಾರ್ಯಕ್ರಮಗಳು ಡ್ರೈವಿನ ಮೇಲೆ ಬರೆಯುತ್ತವಾದುದರಿಂದ ಪ್ರತಿ ಮುಗಿಯುವ ತನಕ ಅವು ವರ್ಜ್ಯ. ಹೊಸ ವಿಂಡೋಸ್ ಯಂತ್ರಗಳಲ್ಲಿ ಬಳಕೆದಾರನಿಗೆ ಅರಿವಿಲ್ಲದೆಯೇ ಬಿಟ್‌ಲಾಕರ್ ಎಂಬ ಗೂಢಲಿಪೀಕರಣ ನಡೆದಿರಬಹುದು; ಆಗ ಡ್ರೈವನ್ನು ಬೇರೆಡೆ ತೆರೆಯಲು, ಕೆಲವೊಮ್ಮೆ ಬಯಾಸ್ ಬದಲಿಸಿದ ಬಳಿಕ ಅದೇ ಯಂತ್ರದಲ್ಲಿ ತೆರೆಯಲು ಕೂಡ, 48 ಅಂಕಿಗಳ ಕೀಲಿಸಂಖ್ಯೆ ಬೇಕು. ಅದು ಭಂಡಾರದ ಕಾಗದದ ದಫ್ತರಿನಲ್ಲಿ ಮೊದಲೇ ಬರೆದಿಟ್ಟಿರದಿದ್ದರೆ ಆರೋಗ್ಯವಾದ ಡ್ರೈವಿನಲ್ಲಿರುವ ಚಿತ್ರಗಳೂ ಕೈತಪ್ಪುವವು. ಪ್ರತಿಯಾದ ಮೇಲೆ ಎರಡೂ ಕಡೆಯ ಕಡತಗಳ ಎಸ್‌ಎಚ್‌ಎ-256 ಸಂಖ್ಯೆಗಳನ್ನು ತಾಳೆ ನೋಡಬೇಕು. ಲಿಪಿಕಾರರು ಕೊನೆಯಲ್ಲಿ ಬರೆಯುತ್ತಿದ್ದ ಗ್ರಂಥಸಂಖ್ಯೆಗೂ ಇದಕ್ಕೂ ಉದ್ದೇಶ ಒಂದೇ. ಆದರೆ ಗ್ರಂಥಸಂಖ್ಯೆಯಲ್ಲಿ ಒಂದು ಅಕ್ಷರ ಬದಲಾದುದು ತಿಳಿಯದು, ಇದರಲ್ಲಿ ತಿಳಿಯುತ್ತದೆ.

ಅನಂತರ ಒಮ್ಮೆಗೆ ಒಂದನ್ನೇ ಬದಲಿಸುತ್ತ ಹೋಗಬೇಕು. ಸಂಶಯಿತ ಡ್ರೈವನ್ನು ತೆಗೆದು, ಬೇರೊಂದು ಡ್ರೈವಿನಿಂದಲೋ ಯುಎಸ್‌ಬಿ ಕಡ್ಡಿಯಿಂದಲೋ ಯಂತ್ರವನ್ನು ಎರಡು ಮೂರು ದಿನ ನಡೆಸಿದಾಗ ಕುಸಿತ ನಿಂತರೆ ವ್ಯತಿರೇಕ ದೊರೆಯಿತು. ಅದೇ ಡ್ರೈವು ಬೇರೆ ಯಂತ್ರದಲ್ಲಿ ಕುಸಿತವನ್ನು ಉಂಟುಮಾಡಿದರೆ ಅನ್ವಯವೂ ದೊರೆತು ಡ್ರೈವೇ ದುಷ್ಟವೆಂದು ಹೇಳಬಹುದು. ಬೇರೆ ಯಂತ್ರದಲ್ಲಿ ಅದು ನಿರ್ದೋಷವಾಗಿ ನಡೆದರೆ ದೋಷವಿರುವುದು ಈ ಡ್ರೈವಿಗೂ ಈ ಯಂತ್ರಕ್ಕೂ ಇರುವ ಸಂಬಂಧದಲ್ಲಿ. ಆಗ ಡ್ರೈವಿನ ಫರ್ಮ್‌ವೇರ್, ಯಂತ್ರದ ಬಯಾಸ್, ವಿದ್ಯುತ್ ಉಳಿತಾಯದ ಏರ್ಪಾಡು ಇವುಗಳನ್ನು ಒಂದೊಂದಾಗಿ ನೋಡಬೇಕು. ಮೆಮೊರಿಯನ್ನು ಮೆಮ್‌ಟೆಸ್ಟ್‌ನಂತಹ ಕಾರ್ಯಕ್ರಮದಿಂದ ಒಂದು ರಾತ್ರಿ ಪರೀಕ್ಷಿಸಿ ಪಕ್ಕಕ್ಕಿಡಬಹುದು. ಸಾಟಾ ಡ್ರೈವಿನ ಸ್ಮಾರ್ಟ್ ದಾಖಲೆಯಲ್ಲಿ ಸಿಆರ್‌ಸಿ ದೋಷಗಳ ಎಣಿಕೆ ಏರುತ್ತಿದ್ದರೆ ತಂತಿಯನ್ನು ಮೊದಲು ಬದಲಿಸಬೇಕು. ಡ್ರೈವಿಗೆ ವೃಥಾ ಅಪವಾದ ಬೇಡ.

ಸ್ಮಾರ್ಟ್ ದಾಖಲೆಯಲ್ಲಿ ಡ್ರೈವು ನಡೆದ ಒಟ್ಟು ಗಂಟೆಗಳೂ ನಮೂದಾಗಿರುತ್ತವೆ. ಇದನ್ನು ಉಪೇಕ್ಷಿಸುವವರೇ ಹೆಚ್ಚು. ಕ್ರೂಶಿಯಲ್ ಎಂ4 ಎಂಬ ಡ್ರೈವು 5,184 ಗಂಟೆ ನಡೆದೊಡನೆ ಸ್ತಬ್ಧವಾಗುತ್ತಿತ್ತು. ಮರುಪ್ರಾರಂಭಿಸಿದರೆ ಒಂದು ಗಂಟೆ ನಡೆದು ಮತ್ತೆ ನಿಲ್ಲುತ್ತಿತ್ತು. 2012ರ ಜನವರಿಯಲ್ಲಿ ಬಂದ ಹೊಸ ಫರ್ಮ್‌ವೇರಿನಿಂದ ಅದು ಸರಿಹೋಯಿತು. ಇದಕ್ಕಿಂತ ಭೀಕರವಾದುದು 2019ರ ನವೆಂಬರಿನಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್ ಸಂಸ್ಥೆಯು ತಾನೇ ಪ್ರಕಟಿಸಿದ ಎಚ್ಚರಿಕೆ: ಅದರ ಕೆಲವು ಎಸ್‌ಎಸ್‌ಡಿಗಳು 32,768 ಗಂಟೆ, ಅಂದರೆ 3 ವರ್ಷ 270 ದಿನ 8 ಗಂಟೆ ನಡೆದ ಬಳಿಕ ಕೆಡುತ್ತವೆ, ಡ್ರೈವೂ ಅದರಲ್ಲಿದ್ದ ಬರೆಹವೂ ಮರಳುವುದಿಲ್ಲ, ಒಟ್ಟಿಗೆ ಅಳವಡಿಸಿದ ಡ್ರೈವುಗಳು ಹೆಚ್ಚುಕಡಿಮೆ ಒಟ್ಟಿಗೇ ಕೆಡುತ್ತವೆ ಎಂದು. ಒಂದೇ ಅಂಗಡಿಯಲ್ಲಿ ಒಂದೇ ದಿನ ಕೊಂಡ ಒಂದೇ ಮಾದರಿಯ ಎರಡು ಡ್ರೈವುಗಳಲ್ಲಿ ಚಿತ್ರಗಳನ್ನಿಟ್ಟು ‘ಎರಡು ಪ್ರತಿಗಳಿವೆ’ ಎಂದು ನಿಶ್ಚಿಂತವಾಗಿರುವ ಭಂಡಾರವು ಈ ಎಚ್ಚರಿಕೆಯನ್ನು ಮತ್ತೊಮ್ಮೆ ಓದಬೇಕು.

ಗ್ರಂಥಸಂಪಾದಕರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಧವಲೆಯ ಮುದ್ರಣವು 1939ರಲ್ಲಿ ಆರಂಭವಾದಾಗ ಸಂಪಾದಕರ ಕೈಯಲ್ಲಿದ್ದ ಕಾಗದದ ಪ್ರತಿಗಳು ಒಂದಕ್ಕಿಂತ ಹೆಚ್ಚಾಗಿದ್ದರೂ ಅವೆಲ್ಲವೂ ಮೂಡಬಿದಿರೆಯ ತಾಡಪತ್ರದಿಂದ ಇಳಿದುಬಂದ ಒಂದೇ ಪರಂಪರೆಯವು. ಸತ್ಪ್ರರೂಪಣೆಯ 93ನೆಯ ಸೂತ್ರದ ‘ಸಂಜದ’ ಪದವು ಅವುಗಳಲ್ಲಿ ಬಿಟ್ಟುಹೋಗಿದ್ದಿತು. ಪ್ರತಿಗಳ ಸಂಖ್ಯೆಯಿಂದ ಆ ಲೋಪ ತುಂಬಲಿಲ್ಲ. ದೀರ್ಘವಾದ ವಾದವಿವಾದದ ಬಳಿಕ ತಾಡಪತ್ರವನ್ನೇ ನೋಡಿದಾಗ ಪದವು ಅಲ್ಲಿ ದೊರೆಯಿತು. ಒಂದೇ ಮಾತೃಕೆಯ ಹತ್ತು ಪ್ರತಿಗಳೂ ಸಾಕ್ಷ್ಯದಲ್ಲಿ ಒಂದೇ ಪ್ರತಿ. ಡ್ರೈವುಗಳಲ್ಲಿಯೂ ಒಂದೇ ಫರ್ಮ್‌ವೇರ್ ಉಳ್ಳವು ಎಷ್ಟಿದ್ದರೂ ಒಂದೇ ದೋಷಕ್ಕೆ ಒಟ್ಟಿಗೆ ಈಡಾಗುವವು. ಆದುದರಿಂದ ಒಂದು ಪ್ರತಿ ಎಸ್‌ಎಸ್‌ಡಿಯಲ್ಲಿದ್ದರೆ ಇನ್ನೊಂದು ಬೇರೆ ತಯಾರಕರ ಹಾರ್ಡ್ ಡಿಸ್ಕಿನಲ್ಲಿರಬೇಕು, ಮೂರನೆಯದು ಬೇರೊಂದು ಊರಿನಲ್ಲಿರಬೇಕು.

ಕಪಾಟಿನಲ್ಲಿಡುವ ಪ್ರತಿಗೆ ಎಸ್‌ಎಸ್‌ಡಿಯನ್ನು ಆರಿಸಲೇಬಾರದು. ಕೋಶದ ಆವೇಶವು ವಿದ್ಯುತ್ತಿಲ್ಲದೆ ಇದ್ದಷ್ಟು ಕಾಲ ಮೆಲ್ಲನೆ ಸೋರುತ್ತದೆ. ಸೆಕೆ ಹೆಚ್ಚಿದಷ್ಟೂ ಬೇಗ ಸೋರುತ್ತದೆ. ಜೆಡೆಕ್ ಮಾನದಂಡದಂತೆ ಸಾಮಾನ್ಯ ಬಳಕೆಯ ಡ್ರೈವೊಂದು ತನ್ನ ಬರೆಯುವ ಆಯುಸ್ಸನ್ನು ಪೂರ್ತಿ ಕಳೆದ ಮೇಲೆ, ವಿದ್ಯುತ್ತಿಲ್ಲದೆ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಬರೆಹವನ್ನು ಉಳಿಸಿಕೊಂಡಿರಬೇಕಾದ ಅವಧಿ ಒಂದು ವರ್ಷ ಮಾತ್ರ. ಹೊಸ ಡ್ರೈವು ಇದಕ್ಕಿಂತ ಬಹಳ ಹೆಚ್ಚು ಕಾಲ ಉಳಿಸಿಕೊಂಡೀತು. ಆದರೂ ಕರಾವಳಿಯ ಬೇಸಗೆಯಲ್ಲಿ ಬೀಗ ಹಾಕಿದ ಕಪಾಟಿನೊಳಗೆ ಅದನ್ನಿಟ್ಟಿರುವ ಭಂಡಾರಗಳು ಕೆಲವು ತಿಂಗಳಿಗೊಮ್ಮೆ ಹೊರತೆಗೆದು, ಯಂತ್ರಕ್ಕೆ ಜೋಡಿಸಿ, ಎಲ್ಲ ಕಡತಗಳನ್ನೂ ಓದಿಸಿ, ಸಂಖ್ಯೆಗಳನ್ನು ತಾಳೆ ನೋಡಿ, ದಿನಾಂಕವನ್ನು ದಫ್ತರಿನಲ್ಲಿ ಬರೆದಿಡುವುದು ಅವಶ್ಯ.