ಮಾವನ ದೋಣಿಗೆ ಸಿಹಿನೀರು

ಹೈದರಾಬಾದಿಗೆ ಸಮುದ್ರವಿಲ್ಲ, ಆದರೆ ಇಲ್ಲಿನ ರಾಣಿಗಂಜ್‌ನಲ್ಲಿ ಪಂಪುಗಳಿಗೆ ಬರವಿಲ್ಲ. ಗಂಗೊಳ್ಳಿಯ ಮಾವನ ನಾಡದೋಣಿಗೆಂದು ಅಲ್ಲಿಂದ 12 ವೋಲ್ಟಿನ ಡಯಾಫ್ರಾಮ್ ಪಂಪು ಒಯ್ದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಬಲೆ ಎಳೆದು ಬಿರಿದ ಕೈಯಲ್ಲಿ ಅದು ಒಣಗಿದರೆ ರಾತ್ರಿಯಿಡೀ ಉರಿ.

ನೀರೂ ತೂಕವೇ. “ನೂರ್ ಲೀಟರ್ ಹೊತ್ರೆ ಮೀನ್ ಎಲ್ ಹಾಕುದ್ ಮಾರಾಯಾ?” ಎಂದ ಮಾವ 40ಕ್ಕೆ ಒಪ್ಪಿದರು. 20 ಲೀಟರಿನ ಎರಡು ಕ್ಯಾನುಗಳನ್ನು ದೋಣಿಯ ನಡುವೆ, ತಳದಲ್ಲೇ ಬಿಗಿದೆವು. ಎತ್ತರದಲ್ಲಿಟ್ಟರೆ ದೋಣಿ ವಾಲುತ್ತದೆ. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್. ಪೈಪಿನ ತುದಿಗೆ ಒತ್ತಿದರೆ ಮಾತ್ರ ನೀರು ಬಿಡುವ ಗನ್. ಇಲ್ಲದಿದ್ದರೆ ನಿಮಿಷಕ್ಕೆ 4 ಲೀಟರಿನಂತೆ ಹತ್ತೇ ನಿಮಿಷಕ್ಕೆ ಎಲ್ಲ ಖಾಲಿ.

ಬಲೆಗೆ, ಹಲಗೆಗೆ ಸಮುದ್ರದ ನೀರೇ ಸಾಕು. ಸಿಹಿನೀರು ಕೈಗೆ, ಕಣ್ಣಿಗೆ. ಜೆಲ್ಲಿಮೀನು ಕುಟುಕಿದಲ್ಲಿ ಮಾತ್ರ ಅದನ್ನು ಹಾಕಬಾರದು, ವಿಷ ಹೆಚ್ಚುತ್ತದೆ. ಇದನ್ನು ಕ್ಯಾನಿನ ಮೇಲೇ ದಪ್ಪಕ್ಷರದಲ್ಲಿ ಬರೆದಿಟ್ಟಿದ್ದೇನೆ.